ಕಲ್ಲು ಉಬ್ಬುತ್ತದೆ ಎಂದ ಚಿಕ್ಕಮಾದಮ್ಮ

ಬೆಳಗಿನ ಜಾವ ಐದು ಗಂಟೆ. ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೋಗುವ ರಸ್ತೆಯಲ್ಲಿ ತರಕಾರಿ ಲಾರಿಗಳ ಸಾಲು ಆಗತಾನೇ ಮುಗಿದಿದೆ. ಮೊದಲ ಬಸ್ಸು ಬರುವುದಕ್ಕೆ ಇನ್ನೂ ಮುಕ್ಕಾಲು ಗಂಟೆಯಿದೆ. ಈ ಮುಕ್ಕಾಲು ಗಂಟೆಯ ಸಲುವಾಗಿಯೇ ಚಿಕ್ಕಮಾದಮ್ಮ ಹಂಗಳದಲ್ಲಿ ನಾಲ್ಕೂವರೆಗೆ ಹಾಲಿನ ಟೆಂಪೊ ಹತ್ತಿ ಬಂದಿದ್ದಾರೆ. ಲಾರಿ ಹೋದರೆ ನೆಲ ಅದುರುತ್ತದೆ, ನೆಲ ಅದುರಿದರೆ ತಕ್ಕಡಿ ಅದುರುತ್ತದೆ. ರಸ್ತೆಯನ್ನು ನಿಲ್ಲಿಸಲು ಆಗುವುದಿಲ್ಲವಲ್ಲ, ಅದಕ್ಕೆ ಅವರೇ ತಮ್ಮ ನಿದ್ದೆಯನ್ನು ನಿಲ್ಲಿಸಿದ್ದಾರೆ.

ರಸ್ತೆಬದಿಯ ಪ್ರಯೋಗಾಲಯದ ಬಾಗಿಲಿಗೆ ಚಿಲಕ ಹಾಕುತ್ತಾರೆ. ಫ್ಯಾನ್ ಆರಿಸುತ್ತಾರೆ. ಸೆರಗನ್ನು ಸೊಂಟಕ್ಕೆ ಬಿಗಿದು, ಒಂದನೇ ನಂಬರಿನ ಗಾಜಿನ ಜಾಡಿಯ ಮುಚ್ಚಳ ತೆಗೆದು, ದ್ರವದಲ್ಲಿ ಮುಳುಗಿದ ಕಪ್ಪು ಕಲ್ಲಿನ ಬಿಲ್ಲೆಯೊಂದನ್ನು ಚಿಮಟದಲ್ಲಿ ಎತ್ತುತ್ತಾರೆ. ಎಂಟಾಣೆ ನಾಣ್ಯದಷ್ಟು ಅಗಲ, ಕಿರುಬೆರಳಿನಷ್ಟು ದಪ್ಪ. ಅದನ್ನು ಹೀರುಕಾಗದದ ಮೇಲೆ ಒಮ್ಮೆ ಇಟ್ಟು, ಮಗುಚಿ, ತುಟಿಯಲ್ಲೇ ಹನ್ನೆರಡು ಎಣಿಸಿ, ತಂತಿಯ ಪುಟ್ಟ ಬುಟ್ಟಿಯೊಳಗೆ ಕೂರಿಸುತ್ತಾರೆ. ಬುಟ್ಟಿ ತಕ್ಕಡಿಯ ಗಾಜಿನ ಗೂಡಿನೊಳಗೆ ಹೋಗುತ್ತದೆ. ಹಸಿರು ಅಂಕಿಗಳು ಸ್ವಲ್ಪ ಹೊತ್ತು ಓಡಾಡಿ ನಿಲ್ಲುತ್ತವೆ. ನಿಂತ ಅಂಕಿ ನೋಟ್‌ಬುಕ್ಕಿಗೆ, ಕಲ್ಲು ಮತ್ತೆ ಜಾಡಿಗೆ.

“ಅಲ್ಲೇ ನಿಂತ್ಕಳಿ, ಒಳಕ್ ಬರ್ಬೇಡಿ. ನೀವು ಜೋರಾಗಿ ಉಸ್ರು ಬುಟ್ರೂ ಅಂಕಿ ಕುಣೀತದ,” ಎಂದು ಕಿಟಕಿಯಾಚೆ ನಿಂತವರಿಗೆ ತಾಕೀತು ಮಾಡುತ್ತಾರೆ. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇದೇ ತಾಕೀತು. ಇದರಲ್ಲಿ ಭೇದಭಾವ ಮಾಡುವ ಹೆಂಗಸಲ್ಲ.

ಇಪ್ಪತ್ತನಾಲ್ಕು ಜಾಡಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ದಿನಕ್ಕೆ ನಲವತ್ತೆಂಟು ಅಂಕಿ. ಏಳು ವರ್ಷದಿಂದ ಹೀಗೇ ನಡೆದಿದೆ. ಬೀರುವಿನಲ್ಲಿ ಇಪ್ಪತ್ತೊಂಬತ್ತು ನೋಟ್‌ಬುಕ್ ತುಂಬಿವೆ. ಭಾನುವಾರ ರಜೆ ಇಲ್ಲವೇ ಎಂದು ಕೇಳಿದರೆ ನಗುತ್ತಾರೆ. “ಕಲ್ಗ ಭಾನ್ವಾರ ಗೊತ್ತಾ? ಅದು ಕುಡೀತಾನೇ ಇರ್ತದ.”

ಕಲ್ಲು ಕುಡಿಯುವುದು ಎಂದರೆ ತಮಾಷೆಯಲ್ಲ. ಚಿಕ್ಕಮಾದಮ್ಮ ತೂಗುವುದು ನಮ್ಮ ಸೀಮೆಯ ಕರಿಕಲ್ಲನ್ನಲ್ಲ. ದೂರದ ತೈಲಪ್ರದೇಶಗಳಿಂದ ಪೆಟ್ಟಿಗೆಗಳಲ್ಲಿ ಬರುವ ಶೇಲ್ ಎಂಬ ಪದರಗಲ್ಲು ಅದು. ಈ ಪುಟ್ಟ ಪ್ರಯೋಗಾಲಯದ ಯಜಮಾನರು ಡಾ. ಗುರುಪಾದಸ್ವಾಮಿ. ತೈಲ ಹುಡುಕುವ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಭೂವಿಜ್ಞಾನಿಯಾಗಿದ್ದವರು ನಿವೃತ್ತರಾಗಿ ಊರಿಗೆ ಬಂದು, ತಂದೆಯ ಕಾಲದ ಅರಿಶಿನ ಗೋದಾಮಿಗೆ ಸುಣ್ಣ ಹೊಡೆಸಿ ಈ ಕೆಲಸ ಶುರುಮಾಡಿದರು. ದೊಡ್ಡ ಸಂಸ್ಥೆಗಳು ಕಲ್ಲು ಕಳಿಸುತ್ತವೆ, ಇವರು ಅಳೆದು ಅಂಕಿ ಕಳಿಸುತ್ತಾರೆ.

“ಕೋಟ್ಯಂತರ ವರ್ಷದ ಹಿಂದಿನ ಪಾಚಿ, ಎಲೆ, ಬೀಜ ಎಲ್ಲಾ ಕೆಸರಲ್ಲಿ ಹೂತು, ಒತ್ತಿ ಒತ್ತಿ ಕಲ್ಲಿನೊಳಗೆ ಸೇರ್ಕೊಂಡಿರ್ತದೆ. ಅದಕ್ಕೆ ಕೆರೋಜೆನ್ ಅಂತಾರೆ,” ಎಂದು ಗುರುಪಾದಸ್ವಾಮಿ ವಿವರಿಸುತ್ತಾರೆ. “ಕಲ್ಲಿನೊಳಗೆ ಇದ್ರೂ ಅದು ಕಲ್ಲಲ್ಲ. ಬಾಗ್ತದೆ, ಹಿಗ್ತದೆ. ಎಣ್ಣೆ ಹುಟ್ಟೋದೂ ಅದರಲ್ಲೇ, ಹೊರಗೆ ಬರೋಕಾಗದೆ ಸಿಕ್ಕಿಹಾಕ್ಕೊಳ್ಳೋದೂ ಅದರಲ್ಲೇ. ದ್ರವ ಅದರೊಳಗೆ ಎಷ್ಟು ಬೇಗ ನುಗ್ತದೆ ಅಂತ ಗೊತ್ತಾದ್ರೆ, ನೆಲದಡಿಯ ಎಣ್ಣೆ ಎಷ್ಟು ನಿಧಾನಕ್ಕೆ ಹೊರಡ್ತದೆ ಅನ್ನೋ ಲೆಕ್ಕ ಸಿಕ್ತದೆ. ಅದಕ್ಕೇ ಈ ತೂಕ.”

ಈ ತೂಕದ ಕೆಲಸಕ್ಕೆ ಚಿಕ್ಕಮಾದಮ್ಮ ಬಂದದ್ದು ಕಸಪೊರಕೆ ಹಿಡಿದು. ಹುಟ್ಟಿದ್ದು ಚಂದಕವಾಡಿಯಲ್ಲಿ, ಓದಿದ್ದು ನಾಲ್ಕನೇ ಕ್ಲಾಸು. ಹನ್ನೆರಡನೇ ವಯಸ್ಸಿಗೇ ಊರವರ ಹೊಲಗಳಲ್ಲಿ ಅರಿಶಿನ ಬೇಯಿಸುವ ಕೂಲಿ. ಮದುವೆಯಾಗಿ ಹಂಗಳಕ್ಕೆ ಬಂದರು. ಗಂಡ ಗುರುಮಲ್ಲಯ್ಯ ವಾರವೆಲ್ಲ ವಯನಾಡಿನ ಶುಂಠಿ ಹೊಲಗಳಲ್ಲಿ ದುಡಿದು ಶನಿವಾರ ಮನೆಗೆ ಬರುತ್ತಾರೆ. ಬಂದವರೇ ಕೇಳುವುದು ಒಂದೇ ಮಾತು: “ಏನಮ್ಮಿ, ಈ ವಾರ ಎಷ್ಟ್ ಕಲ್ಗ ಎಣ್ಣ ಕುಡಿಸ್ದೆ?”

ಗೋದಾಮು ಗುಡಿಸಲು ಸೇರಿದ ವರ್ಷ, ತೂಗುವ ಕೆಲಸಕ್ಕಿದ್ದ ಪದವೀಧರೆ ಮದುವೆಯಾಗಿ ಹೊರಟುಹೋದಳು. ಬಂದ ಇನ್ನಿಬ್ಬರ ಕೈಯಲ್ಲಿ ಒಂದೇ ಕಲ್ಲು ಹತ್ತು ಸಲಕ್ಕೆ ಹತ್ತು ತೂಕ ತೂಗಿತು. ಜಾಡಿಯಲ್ಲಿರುವ ಟಾಲೂಯೀನ್ ಎಂಬ, ಪೇಂಟಿಗೆ ಬೆರೆಸುವಂಥ ದ್ರವ ಗಾಳಿ ಸೋಕಿದರೆ ಹಾರಿಹೋಗುತ್ತದೆ. ಒರೆಸುವುದು ಕಡಿಮೆಯಾದರೆ ಮೈಮೇಲಿನ ತೇವವೂ ತೂಗುತ್ತದೆ, ಜಾಸ್ತಿಯಾದರೆ ಒಳಗಿನದೂ ಹಾರುತ್ತದೆ. ನೆಲ ಒರೆಸುತ್ತ ಇದನ್ನೆಲ್ಲ ನೋಡುತ್ತಿದ್ದ ಚಿಕ್ಕಮಾದಮ್ಮ ಒಂದು ಸಂಜೆ, “ಸಾ, ನಾನ್ ಒಂದ್ಸಲ ನೋಡ್ಲಾ?” ಎಂದರು. ಅವರು ತೂಗಿದ ಹತ್ತು ಸಲವೂ ಕೊನೆಯ ಅಂಕಿ ಬಿಟ್ಟರೆ ಮಿಕ್ಕದ್ದು ಅಲ್ಲಾಡಲಿಲ್ಲ.

“ಹತ್ತು ಎಣಿಸುದ್ರ ಇನ್ನೂ ಹಸಿ ಇರ್ತದ. ಹದ್ನೈದು ಎಣಿಸುದ್ರ ಒಳ್ಗಲ್ದೂ ಓಯ್ತದ. ಹನ್ನೆರಡೇ ಸರಿ,” ಎನ್ನುತ್ತಾರೆ ಇಂದಿಗೂ. ಆ ಎಣಿಕೆಯನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮರುದಿನದಿಂದ ಪೊರಕೆ ಬೇರೆಯವರ ಪಾಲಾಯಿತು.

ಕೆಲಸ ಸುಖದ್ದೇನಲ್ಲ. ಪೇಂಟ್ ಅಂಗಡಿಯ ಹತ್ತರಷ್ಟು ವಾಸನೆ, ಗಾಳಿಗೆಂದು ಕಿಟಕಿ ತೆರೆದರೆ ತಕ್ಕಡಿ ನಿಲ್ಲುವುದಿಲ್ಲ. ಹೊಟ್ಟೆ ತೊಳಸುವುದು, ತಲೆನೋವು ಮೊದಲೆರಡು ವರ್ಷ ದಿನಾ ಇತ್ತು. ಕೈಗವಸು ಹಾಕಿದರೂ ಬೆರಳ ತುದಿಗಳು ಬಿರಿದಿವೆ. ರಾತ್ರಿ ಹರಳೆಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ಕಾಡಂಚಿನ ಊರಾದ್ದರಿಂದ ಆನೆ ಇಳಿದ ದಿನ ಟೆಂಪೊದವನು ತಡಮಾಡುತ್ತಾನೆ. ಅಂಥ ದಿನ ನೋಟ್‌ಬುಕ್ಕಿನಲ್ಲಿ ಐದು ಗಂಟೆಯ ಬದಲು ಐದೂ ಇಪ್ಪತ್ತು ಎಂದು ಬರೆದು, ಪಕ್ಕದಲ್ಲಿ “ಆನೆ” ಎಂದು ಕಾರಣ ಹಾಕುತ್ತಾರೆ. ಗುರುಪಾದಸ್ವಾಮಿ ಆ ಪುಟಗಳನ್ನು ನಗುತ್ತ ತೋರಿಸುತ್ತಾರೆ, ಆದರೆ ಒಂದನ್ನೂ ತಿದ್ದಿಸಿಲ್ಲ.

ಹೀಗೆ ಎಲ್ಲವನ್ನೂ ಬರೆದಿಡುವ ಗುಣವೇ ಕಳೆದ ವರ್ಷ ಅವರ ಕುತ್ತಿಗೆಗೆ ಬಂತು.

ಆಯುಧಪೂಜೆಯ ದಿನ ನಡೆದದ್ದು ಇಷ್ಟು. ಗೋದಾಮಿನ ಕಾಲದಿಂದಲೂ ಅಲ್ಲಿ ತಕ್ಕಡಿಗೆ ಪೂಜೆ ತಪ್ಪಿದ್ದಿಲ್ಲ. ಚಿಕ್ಕಮಾದಮ್ಮ ಗಾಜಿನ ಗೂಡಿಗೆ ಹೂವು ಮುಡಿಸಿ, ಊದುಬತ್ತಿ ಬೆಳಗಿ, ಕೈಗೆ ಸಿಕ್ಕ ಆಯುಧಕ್ಕೆಲ್ಲ ಕುಂಕುಮ ಇಟ್ಟರು. ಆ ಭಕ್ತಿಯ ಭರದಲ್ಲಿ ಕಲ್ಲು ಕೂರುವ ತಂತಿಬುಟ್ಟಿಯ ತಳಕ್ಕೂ ಒಂದು ಬೊಟ್ಟು ಬಿತ್ತು! ಬುಟ್ಟಿಯ ತೂಕ ಇಷ್ಟೇ ಎಂದು ಮೊದಲೇ ಗೊತ್ತುಮಾಡಿಟ್ಟುಕೊಂಡು ಪ್ರತಿ ಸಲ ಕಳೆಯುವುದು ಪದ್ಧತಿ. ಕುಂಕುಮದ ಬೊಟ್ಟಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಅಂದು ಸಂಜೆಯ ಇಪ್ಪತ್ತನಾಲ್ಕು ಅಂಕಿಗಳೂ ಒಂದೇ ಸಮ ಹೆಚ್ಚಿ ಕೂತವು.

ಮರುದಿನ ಬೆಳಿಗ್ಗೆ ಅವರಿಗೇ ಗುಮಾನಿ ಬಂತು. ಎಲ್ಲ ಕಲ್ಲೂ ಮಾತಾಡಿಕೊಂಡವರಂತೆ ಒಟ್ಟಿಗೆ ಅಷ್ಟೇ ಕುಡಿಯುವುದುಂಟೇ? ಬುಟ್ಟಿ ಮಗುಚಿ ನೋಡಿದರು. ಖಾಲಿ ಬುಟ್ಟಿಯನ್ನು ಬೊಟ್ಟಿನ ಸಮೇತ ತೂಗಿದರು, ಒರೆಸಿ ಮತ್ತೆ ತೂಗಿದರು, ವ್ಯತ್ಯಾಸವನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದರು: “ಬುಟ್ಟಿಗೆ ಕುಂಕುಮ, 3.1 ಮಿಲಿಗ್ರಾಂ ಜಾಸ್ತಿ, ನನ್ನ ತಪ್ಪು. ಚಿ.ಮಾ.” ಯಾರೂ ಕೇಳಿರಲಿಲ್ಲ. ಒರೆಸಿಬಿಟ್ಟು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಆಗ ಜಾಡಿಗಳಲ್ಲಿ ಇದ್ದದ್ದು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಕಳಿಸಿದ ಮೂರನೇ ಪೆಟ್ಟಿಗೆಯ ಕಲ್ಲು. ಕೆರೋಜೆನ್ ತುಂಬಿ ತುಳುಕುತ್ತಿದ್ದ ಕಲ್ಲು. ಸಂಸ್ಥೆಯವರ ಲೆಕ್ಕದಲ್ಲಿ ಕಲ್ಲೆಂದರೆ ಗಟ್ಟಿಯಾದ ತೂತುಗಳ ಗೂಡು. ದ್ರವ ಮೊದಲು ರಭಸವಾಗಿ ನುಗ್ಗಿ, ತೂತು ತುಂಬುತ್ತ ಬಂದಂತೆ ನಿಧಾನವಾಗಬೇಕು. ಚಿಕ್ಕಮಾದಮ್ಮನ ಅಂಕಿಗಳು ತಿರುಗಾಮುರುಗಾ ಇದ್ದವು. ಎಂಟು ದಿನ ಒಂದೇ ಹದದಲ್ಲಿ ತೆವಳಿ, ಒಂಬತ್ತು ಹತ್ತನೇ ದಿನಕ್ಕೆ ಎಲ್ಲ ಬಿಲ್ಲೆಗಳೂ ಇದ್ದಕ್ಕಿದ್ದಂತೆ ಗಟಗಟ ಕುಡಿದುಬಿಟ್ಟಿದ್ದವು.

ಜನವರಿಯಲ್ಲಿ ಸಂಸ್ಥೆಯ ಪತ್ರ ಬಂತು. “ಅಟೆಂಡರ್ ಶ್ರೀಮತಿ ಚಿಕ್ಕಮಾದಮ್ಮ ಅವರ ಅಜಾಗರೂಕತೆಯಿಂದ ಅಂಕಿಅಂಶಗಳು ದೋಷಪೂರಿತವಾಗಿವೆ” ಎಂಬ ಒಕ್ಕಣೆ. ಪುರಾವೆ ಏನು? ಅಂಕಿಗಳ ಜೊತೆ ಇಲ್ಲಿಂದಲೇ ಕಳಿಸಿದ್ದ ಕುಂಕುಮದ ಪುಟ! ಜೊತೆಗೆ ‘ಸರಿಪಡಿಸಿದ’ ಅಂಕಿಗಳ ಹಾಳೆಯೊಂದಿತ್ತು. ಹಳೆಯದನ್ನು ಹೊಡೆದುಹಾಕಿ, ಇದೇ ಸರಿಯೆಂದು ತೂಗಿದವರು ಸಹಿ ಹಾಕಬೇಕು. ಇಲ್ಲವಾದರೆ ಇನ್ನು ಮುಂದೆ ಕಲ್ಲು ಕಳಿಸುವುದಿಲ್ಲ. ಕಲ್ಲು ಬರದಿದ್ದರೆ ಈ ಗೋದಾಮಿಗೆ ಬೀಗ.

ಆ ಸಂಜೆ ಗುರುಪಾದಸ್ವಾಮಿ ಹಾಳೆಯನ್ನೂ ಪೆನ್ನನ್ನೂ ಮೇಜಿನ ಮೇಲಿಟ್ಟು, “ಒಂದು ಸೈನ್ ತಾನೇ ಮಾದಮ್ಮ, ಹಾಕ್ಬುಡು. ನಾಳೆ ಬೇರೆ ಕಲ್ಲು ಬತ್ತವೆ, ಕೆಲಸ ಉಳೀತದೆ,” ಎಂದರು.

“ನಂಗ ಅವತ್ತು ಆದ ಸಂಕ್ಟ ಅಷ್ಟಿಷ್ಟಲ್ಲ,” ಎನ್ನುತ್ತಾರೆ ಚಿಕ್ಕಮಾದಮ್ಮ. “ಬೆಂಗ್ಳೂರೋರು ಅಂದ್ರ ಅನ್ಲಿ, ಅವ್ರು ನನ್ ಕಂಡಿಲ್ಲ. ದೊಡ್ ಸಾ ಏಳು ವರ್ಸ ನನ್ ಕೈ ನೋಡವ್ರ. ಅವ್ರೇ ಅಂದ್ಬುಟ್ರಲ್ಲ! ನಾನು ಅಂದೆ, ಸಾ, ನಂಗ ಪೊರ್ಕೆ ಕೊಟ್ಬುಡಿ, ಗುಡ್ಸ್‌ಕಂಡಿರ್ತೀನಿ. ಆದ್ರ ಈ ಕಾಗ್ದುಕ್ಕ ಸೈನ್ ಆಕಲ್ಲ. ಕುಂಕುಮದ ತಪ್ಪ ನಾನೇ ಬರ್ದಿವ್ನಿ. ನನ್ ತಪ್ಪ ನಾನೇ ಬರ್ಕಳವ್ಳು ಇನ್ನೊಂದ ಮುಚ್ಚಿಕ್ಕಂಡೇನಾ?”

ಗುರುಪಾದಸ್ವಾಮಿ ಇದನ್ನು ಅಲ್ಲಗಳೆಯುವುದಿಲ್ಲ. “ನಾನು ಹೆದರಿದ್ದೆ. ಅವಳು ಹೆದರಲಿಲ್ಲ,” ಎಂದು ನೇರವಾಗಿ ಒಪ್ಪಿಕೊಳ್ಳುತ್ತಾರೆ.

ಸಹಿ ಬಾರದ್ದರಿಂದ ಫೆಬ್ರವರಿಯಲ್ಲಿ ಸಂಸ್ಥೆಯ ಯುವ ವಿಜ್ಞಾನಿ ರಘುನಾಥ ಅವರೇ ಬರುವುದೆಂದಾಯಿತು. ಬರುವ ದಿನ ಫೋನಿನಲ್ಲಿ ತಿಳಿದೊಡನೆ ಚಿಕ್ಕಮಾದಮ್ಮ ಒಂದು ಕೆಲಸ ಮಾಡಿದರು. ಮೂರನೇ ಪೆಟ್ಟಿಗೆಯ ತಳದಲ್ಲಿ ಬಳಸದೆ ಉಳಿದ ಆರು ಬಿಲ್ಲೆಗಳಿದ್ದವು. ಒಂದನ್ನು ತೆಗೆದು, ಯಾರನ್ನೂ ಕೇಳದೆ, ಜಾಡಿಗೆ ಇಳಿಬಿಟ್ಟರು.

ರಘುನಾಥ ಬಂದಾಗ ಅದಕ್ಕೆ ಐದನೇ ದಿನ. ಅವರು ಒಳ್ಳೆಯ ಮಾತಿನಲ್ಲೇ ಶುರುಮಾಡಿದರು. “ನೋಡಿ ಅಮ್ಮಾ, ತಪ್ಪು ಎಲ್ಲರಿಂದಲೂ ಆಗುತ್ತೆ. ಒಂಬತ್ತನೇ ದಿನ ಸರಿಯಾಗಿ ಒರೆಸಿಲ್ಲ ಅನ್ಸುತ್ತೆ. ಕಲ್ಲು ಹಾಗೆಲ್ಲ ಆಮೇಲೆ ಜಾಸ್ತಿ ಕುಡಿಯಲ್ಲ.”

“ಕುಡೀತದ ಸಾ. ಅದು ಉಬ್ತದ,” ಎಂದರು ಚಿಕ್ಕಮಾದಮ್ಮ.

“ಕಲ್ಲು ಉಬ್ಬುತ್ತಾ?”

ಉತ್ತರವಾಗಿ ಅವರು ಸೆರಗಿನ ಗಂಟಿನಿಂದ ಒಂದು ಅರಿಶಿನದ ಕೊಂಬು ತೆಗೆದು ಮೇಜಿನ ಮೇಲಿಟ್ಟರು. ಅದು ಅರಿಶಿನ ಬೇಯಿಸುವ ಕಾಲ. ಬರುವ ದಾರಿಯ ಹೊಲದಲ್ಲಿ ಕುದಿಯುತ್ತಿದ್ದ ಕೊಪ್ಪರಿಗೆಯಿಂದ ಬೇಕೆಂದೇ ಅರೆಬೆಂದ ಕೊಂಬೊಂದನ್ನು ಎತ್ತಿಸಿ ತಂದಿದ್ದರು. ಚಾಕುವಿನಿಂದ ಅಡ್ಡ ಸೀಳಿದರು. ಸುತ್ತ ಗಾಢ ಬಣ್ಣದ, ಮೆತ್ತನೆಯ ಉಂಗುರ. ನಡುವೆ ಬಿಳಿಚಿಕೊಂಡ ಗಟ್ಟಿ ತಿರುಳು.

“ನೀರು ಸುತ್ಲಿಂದ ಒಳಕ್ ಓಯ್ತದ. ಓದಷ್ಟು ಮೆತ್ಗಾಯ್ತದ, ಉಬ್ಬಕ್ ನೋಡ್ತದ. ಆದ್ರ ನಡ್ವ ಗಟ್ಟಿ ಅದಲ್ಲ, ಅದು ಬುಡಲ್ಲ, ಇಡ್ಕಂಡಿರ್ತದ. ನಡ್‌ಮದ್ಯಕ್ಕ ನೀರು ಮುಟ್ಟುದ್ರ ಆಯ್ತು, ಇಡ್ಕಳವ್ರು ಯಾರೂ ಇಲ್ಲ. ಆಗ ಒಂದೇ ಸಲ ಸಡ್ಲ ಆಗಿ ಕುಡ್ದು ಉಬ್ಬುಡ್ತದ.” ಇಷ್ಟು ಹೇಳಿದವರೇ ಜಾಡಿಯಿಂದ ಐದು ದಿನದ ಬಿಲ್ಲೆಯನ್ನು ಎತ್ತಿ, ಅರಿಶಿನ ಸೀಳಿದ ಜಾಗದ ಪಕ್ಕದಲ್ಲೇ ಇಟ್ಟರು.

“ಮಾದಮ್ಮ, ಕುಯ್ಬೇಡ!” ಎಂದು ಗುರುಪಾದಸ್ವಾಮಿ ಕೂಗಿದರು. ಸಂಸ್ಥೆಯ ಕಲ್ಲಿನ ಮೇಲೆ ಒಂದು ಗೀರೂ ಬೀಳಕೂಡದೆಂಬುದು ಕರಾರು. ಅಷ್ಟು ಹೊತ್ತಿಗೆ ಚಾಕು ಕಲ್ಲಿನ ಮೇಲಿತ್ತು. ಅಂಚಿನಲ್ಲಿ ಅದು ಗಟ್ಟಿ ಬೆಲ್ಲಕ್ಕೆ ಇಳಿದಂತೆ ಇಳಿಯಿತು. ನಡುವಿಗೆ ಬರುತ್ತಲೇ ಕರ್ರೆಂದು ನಿಂತಿತು. ಸುತ್ತಿಗೆಯ ಒಂದೇಟಿಗೆ ಬಿಲ್ಲೆ ಎರಡಾಯಿತು.

ರಘುನಾಥ ಭೂತಗಾಜು ಹಿಡಿದು ಬಗ್ಗಿದರು. ಸುತ್ತ ಕಡುಕಪ್ಪಾದ ತೇವದ ಉಂಗುರ. ನಡುವೆ ಬೂದುಬಣ್ಣದ ಒಣ ತಿರುಳು. ಎರಡರ ಮಧ್ಯೆ ಚೂಪಾದ ಗೆರೆ. ಅಂಚಿನ ದಪ್ಪವನ್ನು ಅಳೆದರು, ನಡುವಿನದನ್ನು ಅಳೆದರು. ಅಂಚು ದಪ್ಪವಾಗಿತ್ತು.

ಆದರೂ ಅವರು ಅಷ್ಟಕ್ಕೇ ಒಪ್ಪಲಿಲ್ಲ. ಒಪ್ಪದ್ದೇ ಒಳ್ಳೆಯದಾಯಿತು. “ಉಳಿದ ಐದನ್ನೂ ಈಗ ಜಾಡಿಗೆ ಹಾಕೋಣ. ಈ ಸಲ ಒರೆಸೋದು, ತೂಗೋದು ಎಲ್ಲ ನಾನೇ,” ಎಂದರು. ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ರೂಮು ಹಿಡಿದು, ಬೆಳಗಿನ ಐದಕ್ಕೆ ಕಣ್ಣುಜ್ಜಿಕೊಂಡು ಬರತೊಡಗಿದರು. ಮೊದಲ ದಿನ ಅವರ ಅಂಕಿಗಳು ಚೆಲ್ಲಾಪಿಲ್ಲಿ. ಚಿಕ್ಕಮಾದಮ್ಮ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, “ಹನ್ನೆರಡು ಎಣಿಸಿ ಸಾ,” ಎಂದರು. ಎರಡನೇ ದಿನದಿಂದ ವಿಜ್ಞಾನಿಯ ತುಟಿಯೂ ಹನ್ನೆರಡು ಎಣಿಸಿತು.

ಆ ದಿನಗಳನ್ನು ನೆನೆದರೆ ಚಿಕ್ಕಮಾದಮ್ಮನಿಗೆ ಈಗ ನಗು. ಆಗ ನಗು ಬರುತ್ತಿರಲಿಲ್ಲ. ಕಲ್ಲು ಈ ಸಲ ಕೈಕೊಟ್ಟರೆ? “ಅನ್ನ ಇಳೀತಿರ್ಲಿಲ್ಲ. ನಮ್ಮೋರು ಶನಿವಾರ ಬಂದವ್ರು, ಬುಡಮ್ಮಿ, ನಂಜೊತ ಶುಂಠಿ ಕೀಳಕ್ ಬಂದ್ಬುಡು ಅಂದ್ರು. ಓಗ್ರಿ ಅತ್ಲಾಗ, ಕಲ್ಲು ಸುಳ್ಳೇಳಲ್ಲ ಅಂದೆ.” ಹಾಗೆಂದು ಗಂಡನ ಬಾಯಿ ಮುಚ್ಚಿಸಿದರೂ ಆ ರಾತ್ರಿ ತಮಗೂ ನಿದ್ದೆ ಬರಲಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ.

ಎಂಟು ದಿನ ಕಲ್ಲು ತೆವಳಿತು. ಒಂಬತ್ತನೇ ದಿನ ಸಂಜೆ ಮೊದಲ ಬಿಲ್ಲೆಯನ್ನು ಬುಟ್ಟಿಗಿಟ್ಟು ಗಾಜಿನ ಬಾಗಿಲೆಳೆದ ರಘುನಾಥ ಅಂಕಿ ನಿಂತ ಮೇಲೂ ಪೆನ್ನು ಎತ್ತಲಿಲ್ಲ. ಬಿಲ್ಲೆಯನ್ನು ಜಾಡಿಗೆ ಅದ್ದಿ, ಒರೆಸಿ, ಇನ್ನೊಮ್ಮೆ ತೂಗಿದರು. ಅದೇ ಅಂಕಿ. ಎರಡನೆಯದು, ಮೂರನೆಯದು, ಐದೂ ಹಾಗೆಯೇ. ಒರೆಸಿದ್ದು ಅವರದೇ ಕೈ, ಎಣಿಸಿದ್ದು ಅವರದೇ ಬಾಯಿ. ಕಲ್ಲು ಗಟಗಟ ಕುಡಿದಿತ್ತು.

“ಏನು ಬರೀಲಿ?” ಎಂದರಂತೆ ಅವರು, ಯಾರನ್ನೂ ನೋಡದೆ.

“ಬಂದದ್ದ ಬರೀರಿ ಸಾ,” ಎಂದರು ಚಿಕ್ಕಮಾದಮ್ಮ.

ರಘುನಾಥ ಬರೆದರು. ಹೊರಡುವ ಮೊದಲು ‘ಸರಿಪಡಿಸಿದ’ ಹಾಳೆಯನ್ನು ತಾವೇ ಹರಿದರು. ಅಷ್ಟರಮಟ್ಟಿಗೆ ಅವರು ದೊಡ್ಡವರು, ಅದನ್ನು ಹೇಳಲೇಬೇಕು. ಸಂಸ್ಥೆಯೂ ತನ್ನ ಲೆಕ್ಕವನ್ನು ಬದಲಿಸಿಕೊಂಡಿತು. ದ್ರವ ಹೋಗುತ್ತ ಹೋಗುತ್ತ ಕೆರೋಜೆನ್ನನ್ನು ಸಡಿಲಿಸುತ್ತದೆ, ಸಡಿಲಿಸಿದಷ್ಟೂ ತನಗೆ ತಾನೇ ದಾರಿ ಮಾಡಿಕೊಳ್ಳುತ್ತದೆ ಎಂಬುದು ಹೊಸ ಲೆಕ್ಕದ ತಿರುಳು. ಈಗ ಗೋದಾಮಿಗೆ ಎಂಟನೇ ಪೆಟ್ಟಿಗೆ ಬಂದಿದೆ.

ಕಳೆದ ತಿಂಗಳು ಸಂಸ್ಥೆಯ ವರದಿ ಅಚ್ಚಾಗಿ ಬಂತು. ಮೂರನೇ ಪೆಟ್ಟಿಗೆಯ ಕೋಷ್ಟಕ ನಲವತ್ತೊಂದನೇ ಪುಟದಲ್ಲಿದೆ. ಚಿಕ್ಕಮಾದಮ್ಮ ಇಂಗ್ಲಿಷ್ ಓದಲಾರರು, ಅಂಕಿ ಓದಬಲ್ಲರು. ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು, ಬಿರಿದ ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಒಂದೊಂದನ್ನೂ ತಾಳೆ ನೋಡಿದರು. ಒಂದೂ ಬದಲಾಗಿರಲಿಲ್ಲ. ಆಮೇಲೆ ಗುರುಪಾದಸ್ವಾಮಿಯವರನ್ನು ಕೇಳಿದರು, “ನನ್ನೆಸ್ರು ಎಲ್ಲದ ಸಾ?”

ಹೆಸರು ಇರಲಿಲ್ಲ. ಕೊನೆಯ ಪುಟದಲ್ಲಿ “ಪ್ರಯೋಗಾಲಯದ ಸಿಬ್ಬಂದಿಗೆ ಕೃತಜ್ಞತೆಗಳು” ಎಂಬ ಒಂದು ಸಾಲಿತ್ತು. ಇಂಥ ವರದಿಗಳಲ್ಲಿ ತೂಗುವವರ ಹೆಸರು ಹಾಕುವ ರೂಢಿಯಿಲ್ಲವೆಂದು ಅವರು ಸಮಾಧಾನ ಹೇಳಿದರು. ಚಿಕ್ಕಮಾದಮ್ಮ ಸಮಾಧಾನ ಮಾಡಿಕೊಳ್ಳಲಿಲ್ಲ. ಪೋಸ್ಟಾಫೀಸಿನಿಂದ ಕಾರ್ಡೊಂದನ್ನು ತಂದು, ನಾಲ್ಕನೇ ಕ್ಲಾಸಿನ ದುಂಡಗಿನ ಅಕ್ಷರದಲ್ಲಿ ಸಂಸ್ಥೆಗೆ ತಾವೇ ಬರೆದು ಹಾಕಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಸಾಮಾನ್ಯವಾಗಿ ಇಂಥ ಪ್ರಶ್ನೆಗೆ ದುಡಿಯುವ ಜನ, ನಮಗ್ಯಾಕೆ ಹೆಸರು ಬಿಡಿ ಎನ್ನುತ್ತಾರೆ. ಕೇಳಿದವರೂ ಅದನ್ನೇ ಬರೆದುಕೊಂಡು ತಲೆದೂಗುತ್ತಾರೆ. ಹಾಗೆಂದುಕೊಂಡೇ, ಅಂಕಿ ಉಳಿಯಿತಲ್ಲ, ಹೆಸರು ಬೇಕೇ ಬೇಕಾ ಎಂದು ಕೇಳಿದರೆ, ಚಿಕ್ಕಮಾದಮ್ಮ ಜಾಡಿಯ ಮುಚ್ಚಳ ಭದ್ರಪಡಿಸಿ, ಕೈಗವಸು ಕಳಚಿ, ನೆಟ್ಟ ನೋಟದಲ್ಲಿ ನೋಡುತ್ತಾರೆ.

“ಬೇಕು. ಯಾಕ್ ಬ್ಯಾಡ? ತಪ್ಪು ಅಂದಾಗ ಶ್ರೀಮತಿ ಚಿಕ್ಕಮಾದಮ್ಮ ಅಂತ ಪೂರ್ತಿ ಎಸ್ರು ಬರ್ದಿದ್ರಲ್ಲ, ಆಗ ಗೊತ್ತಿತ್ತಲ್ಲ? ಈಗ ಸರಿ ಅಂತ ಗೊತ್ತಾದ್ಮ್ಯಾಕ ಮರ್ತೋಯ್ತಾ?”